ಶಸ್ತ್ರಚಿಕಿತ್ಸೆಯಾದ ಮಗುವಿನ ವಪೆಯ ಸ್ಕ್ಯಾನ್ ಕೊಡಗಿನಲ್ಲೇ ಆಗಲಿ

ಮಾನ್ಯ ಸಂಪಾದಕರೇ,

ಹೃದಯದ ಶಸ್ತ್ರಚಿಕಿತ್ಸೆ ಬೇಕಾದ ಕೊಡಗಿನ ಮಕ್ಕಳು ಮೈಸೂರು, ಬೆಂಗಳೂರು ಇಲ್ಲವೇ ಮಂಗಳೂರಿಗೆ ಹೋಗುತ್ತಾರೆ. 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಶುರುವಾದ ಮೇಲೆ ಅಂಗನವಾಡಿ, ಶಾಲೆಗಳಲ್ಲೇ ತಪಾಸಣೆ ನಡೆದು, ಕಾಫಿ ತೋಟದ ಲೈನ್‌ಮನೆಗಳ ಮಕ್ಕಳಿಗೂ ದೊಡ್ಡ ಆಸ್ಪತ್ರೆಯ ದಾರಿ ತೆರೆದಿದೆ. ಇದು ಸಣ್ಣ ಸಂಗತಿಯಲ್ಲ. ಆದರೆ ಆಪರೇಷನ್ ಮುಗಿಸಿ ಊರಿಗೆ ಮರಳಿದ ಮೇಲಿನ ಆರೈಕೆ ನಮ್ಮ ಜಿಲ್ಲೆಯ ಹೊಣೆ. ಅಲ್ಲಿ ಬಿಟ್ಟುಹೋಗುತ್ತಿರುವ ಒಂದು ಪರೀಕ್ಷೆಯ ಬಗ್ಗೆ, ಅಂದರೆ ಉಸಿರಾಟದ ಮುಖ್ಯ ಸ್ನಾಯುವಾದ ವಪೆಯ (ಡಯಾಫ್ರಮ್) ಅಲ್ಟ್ರಾಸೌಂಡ್ ಸ್ಕ್ಯಾನ್ ಬಗ್ಗೆ, ಈ ಪತ್ರ.

ಹೃದಯ ಸರಿಯಾದ ಮಗು ಮನೆಗೆ ಬಂದ ಮೇಲೂ ಏದುಸಿರು ಬಿಡುತ್ತದೆ. ಹಾಲು ಕುಡಿಯುವಾಗ ಬೆವರುತ್ತದೆ, ತೂಕ ಏರುವುದಿಲ್ಲ, ಎದೆಯ ಒಂದೇ ಬದಿಯಲ್ಲಿ ಮತ್ತೆ ಮತ್ತೆ ನ್ಯುಮೋನಿಯಾ ಆಗುತ್ತದೆ. ಆಂಟಿಬಯೋಟಿಕ್ ಬದಲಾಗುತ್ತದೆ, ನೆಬ್ಯುಲೈಸರ್ ಹಿಡಿಯುತ್ತಾರೆ, ಮಳೆಗಾಲದ ಶೀತ ಎಂದು ಮನೆಯವರೂ ಸಮಾಧಾನ ಮಾಡಿಕೊಳ್ಳುತ್ತಾರೆ. ಇಂಥ ಮಗುವಿನಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಎದೆ ಮತ್ತು ಹೊಟ್ಟೆಯ ನಡುವಿನ ವಪೆ ಎರಡೂ ಬದಿಯಲ್ಲಿ ಕೆಲಸ ಮಾಡುತ್ತಿದೆಯೇ? ಉತ್ತರ ಕೊಡಲು ಬೇಕಾದ ಅಲ್ಟ್ರಾಸೌಂಡ್ ಯಂತ್ರ ಜಿಲ್ಲೆಯಲ್ಲಿ ಈಗಾಗಲೇ ಇದೆ. ಹೊಟ್ಟೆ ನೋಡುವ, ಬಸುರಿಯರನ್ನು ನೋಡುವ ಅದೇ ಯಂತ್ರ ಸಾಕು.

ವಪೆಯನ್ನು ಆಡಿಸುವುದು ಕುತ್ತಿಗೆಯ ಮೂರನೆಯ, ನಾಲ್ಕನೆಯ, ಐದನೆಯ ನರಬೇರುಗಳಿಂದ ಹೊರಡುವ ಫ್ರೆನಿಕ್ ನರ. ಎಡಕ್ಕೊಂದು, ಬಲಕ್ಕೊಂದು. ಎರಡೂ ಹೃದಯದ ಹೊರಚೀಲಕ್ಕೆ ಅಂಟಿಕೊಂಡಂತೆ ಕೆಳಗಿಳಿಯುತ್ತವೆ. ಹಾಗಾಗಿ ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ರಕ್ತಸ್ರಾವ ನಿಲ್ಲಿಸುವ ವಿದ್ಯುತ್ ಕಾಟರಿಯ ಬಿಸಿ, ಹೃದಯವನ್ನು ತಣ್ಣಗಿಡಲು ಸುತ್ತ ಹಾಕುವ ಐಸ್, ದಾರಿ ಬಿಡಿಸಿಕೊಳ್ಳಲು ಅಂಗಾಂಶ ಎಳೆದಾಗಿನ ಜಗ್ಗಾಟ, ಇವುಗಳಲ್ಲಿ ಯಾವುದು ಬೇಕಾದರೂ ನರಕ್ಕೆ ಪೆಟ್ಟು ಕೊಡಬಹುದು. ಇದು ಶಸ್ತ್ರವೈದ್ಯರ ಅಜಾಗ್ರತೆ ಎಂದು ಯಾರೂ ಓದಿಕೊಳ್ಳಬಾರದು. ಹಿಂದೊಮ್ಮೆ ಆಪರೇಷನ್ ಆಗಿ ಎದೆಯೊಳಗೆ ಎಲ್ಲವೂ ಅಂಟಿಕೊಂಡಿರುವ ಮಗುವಿನಲ್ಲಿ ನರವನ್ನು ಗುರುತಿಸುವುದೇ ಕಷ್ಟ. ಜಗ್ಗಿದ ನರ ವಾರಗಳಲ್ಲೋ ತಿಂಗಳುಗಳಲ್ಲೋ ಚೇತರಿಸಿಕೊಳ್ಳಬಹುದು. ತುಂಡಾದ ನರದ ವಿಷಯ ಬೇರೆ.

ದೊಡ್ಡವರಲ್ಲಿ ಒಂದು ಬದಿಯ ವಪೆ ನಿಂತರೆ ಬಹಳ ಮಂದಿಗೆ ಗೊತ್ತೇ ಆಗುವುದಿಲ್ಲ. ಹಸುಗೂಸಿಗೆ ಆ ಅನುಕೂಲವಿಲ್ಲ. ಅದರ ಪಕ್ಕೆಲುಬುಗಳು ಬಹುತೇಕ ಅಡ್ಡಡ್ಡ ಇರುವುದರಿಂದ ಎದೆಗೂಡು ಮೇಲೆದ್ದು ಹಿಗ್ಗುವ ಜಾಗ ಕಡಿಮೆ. ಉಸಿರಾಟದ ಭಾರವೆಲ್ಲ ವಪೆಯ ಮೇಲೆ. ಎದೆಗೂಡು ಮೆದುವಾದ್ದರಿಂದ ವಪೆ ಎಳೆದಾಗ ಅದೂ ಒಳಕ್ಕೆ ಕುಸಿಯುತ್ತದೆ. ಇದರ ಮೇಲೆ, ದಣಿವು ತಾಳುವ ಸ್ನಾಯುನಾರುಗಳ ಪಾಲು ದೊಡ್ಡವರ ವಪೆಯಲ್ಲಿ ಸುಮಾರು ಅರ್ಧದಷ್ಟಿದ್ದರೆ, ತಿಂಗಳು ತುಂಬಿ ಹುಟ್ಟಿದ ಮಗುವಿನಲ್ಲಿ ಶೇ 25ರಷ್ಟು, ತಿಂಗಳು ತುಂಬದೆ ಹುಟ್ಟಿದ ಮಗುವಿನಲ್ಲಿ ಶೇ 10ರ ಆಸುಪಾಸು. ಅರ್ಧ ವಪೆಯಲ್ಲಿ ಉಸಿರಾಡುವ ಕೂಸು ಬೇಗ ಸೋಲುವುದು ಇದಕ್ಕೇ. ದೇಹದಿಂದ ರಕ್ತ ಮರಳಿ ತರುವ ಅಭಿಧಮನಿಯನ್ನು ನೇರ ಶ್ವಾಸಕೋಶದ ಅಪಧಮನಿಗೆ ಜೋಡಿಸುವ ಗ್ಲೆನ್, ಫಾಂಟಾನ್ ಶಸ್ತ್ರಚಿಕಿತ್ಸೆಗಳಾದ ಮಕ್ಕಳಲ್ಲಿ ಇದರ ಹೊಡೆತ ಇನ್ನೂ ಜೋರು. ಅವರಲ್ಲಿ ಶ್ವಾಸಕೋಶಕ್ಕೆ ರಕ್ತ ಹರಿಯಲು ಉಸಿರು ಒಳಗೆಳೆದಾಗಿನ ಸೆಳೆತವೂ ಬೇಕು.

ಎಕ್ಸ್-ರೇ ಸಾಲದೇ ಎಂದು ಕೇಳಬಹುದು. ವಪೆಯ ಬಲಬದಿ ಮಾಮೂಲಾಗಿಯೇ ಎಡಕ್ಕಿಂತ ತುಸು ಮೇಲಿರುತ್ತದೆ. ಹಾಗಾಗಿ ಬಲಬದಿಯ ತೊಂದರೆ ಒಂದೇ ಚಿತ್ರದಲ್ಲಿ ಸುಲಭವಾಗಿ ತಪ್ಪಿಹೋಗುತ್ತದೆ. ಎಕ್ಸ್-ರೇ ನಿಶ್ಚಲ ಚಿತ್ರ, ವಪೆಯ ಚಲನೆಯನ್ನು ಅದು ತೋರಿಸದು. ಮಗು ವೆಂಟಿಲೇಟರ್ ಮೇಲಿದ್ದರಂತೂ ಯಂತ್ರ ತಳ್ಳುವ ಗಾಳಿಯೇ ಸತ್ತ ವಪೆಯನ್ನು ಕೆಳಗೆ ಒತ್ತಿ ಹಿಡಿಯುತ್ತದೆ. ಟ್ಯೂಬ್ ತೆಗೆದ ಮೇಲಷ್ಟೇ ಅದು ಮೇಲೇರಿ ಕಾಣಿಸುತ್ತದೆ. ಚಲಿಸುವ ಎಕ್ಸ್-ರೇ ಎಂದು ಕರೆಯಬಹುದಾದ ಫ್ಲೋರೋಸ್ಕೋಪಿಯಲ್ಲಿ ಚಲನೆ ಕಾಣುತ್ತದೆ, ಆದರೆ ವಿಕಿರಣವಿದೆ, ಮಗುವನ್ನು ಬೇರೆ ಕೋಣೆಗೆ ಸಾಗಿಸಬೇಕು. ಅಲ್ಟ್ರಾಸೌಂಡ್‌ನಲ್ಲಿ ಇವೆರಡೂ ಇಲ್ಲ. ಹಾಸಿಗೆಯ ಪಕ್ಕದಲ್ಲೇ, ಬೇಕಾದಷ್ಟು ಸಲ ನೋಡಬಹುದು.

ಮಾಡುವ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇವೆ. ತಾಲ್ಲೂಕು ಆಸ್ಪತ್ರೆಗಳ ಅರಿವಳಿಕೆ ತಜ್ಞರು, ಮಕ್ಕಳ ವೈದ್ಯರು, ರೇಡಿಯಾಲಜಿಸ್ಟರು ಇದನ್ನು ಓದುತ್ತಾರೆಂಬ ಭರವಸೆ ನಮ್ಮದು.

ಮೊದಲನೆಯದು ಚಲನೆಯ ಅಳತೆ. ಇದಕ್ಕೆ 2ರಿಂದ 5 ಮೆಗಾಹರ್ಟ್ಸ್‌ನ ಬಾಗಿದ ಪ್ರೋಬ್ (ಮೈಮೇಲೆ ಇಟ್ಟು ನೋಡುವ ಯಂತ್ರದ ಹಿಡಿ) ಬೇಕು. ಹಸುಗೂಸಿಗಾದರೆ 5ರಿಂದ 8 ಮೆಗಾಹರ್ಟ್ಸ್‌ನ ಚಿಕ್ಕ ಬಾಗಿದ ಪ್ರೋಬ್ ಒಳ್ಳೆಯದು. ಮಗುವನ್ನು ಅಂಗಾತ ಮಲಗಿಸಿ ತಲೆಭಾಗವನ್ನು 30 ಡಿಗ್ರಿ ಎತ್ತಿಡಿ. ಮಲಗಿದಾಗಿನ ಚಲನೆಗೂ ಕುಳಿತಾಗಿನ ಚಲನೆಗೂ ವ್ಯತ್ಯಾಸ ಇರುವುದರಿಂದ ಭಂಗಿಯನ್ನು ಕೇಸ್ ಶೀಟ್‌ನಲ್ಲಿ ಬರೆದು, ಮುಂದಿನ ಸಲವೂ ಅದೇ ಭಂಗಿಯಲ್ಲಿ ನೋಡಬೇಕು. ಬಲಬದಿಯಲ್ಲಿ ಕೊನೆಯ ಪಕ್ಕೆಲುಬಿನ ಅಂಚಿನ ಕೆಳಗೆ, ಕಾಲರ್ ಮೂಳೆಯ ನಡುಗೆರೆಗೂ ಕಂಕುಳಿನ ಮುಂಗೆರೆಗೂ ಮಧ್ಯೆ ಪ್ರೋಬ್ ಇಟ್ಟು, ತಲೆಯ ಕಡೆಗೂ ಬೆನ್ನಿನ ಕಡೆಗೂ ತಿರುಗಿಸಿ. ಲಿವರ್‌ನ ಆಚೆ ಬೆಳ್ಳಗೆ ಹೊಳೆಯುವ ಕಮಾನು ಕಂಡರೆ ಅದೇ ವಪೆ. ಕೂಸಿಗೆ 6ರಿಂದ 8 ಸೆಂ.ಮೀ. ಆಳ ಸಾಕಾಗುತ್ತದೆ. ಆ ಕಮಾನಿಗೆ ಆದಷ್ಟು ಲಂಬವಾಗಿ ಎಂ-ಮೋಡ್ ಗೆರೆ (ಒಂದೇ ಗೆರೆಯ ಮೇಲಿನ ಚಲನೆಯನ್ನು ಕ್ಷಣಕ್ಷಣಕ್ಕೂ ಬರೆದು ತೋರಿಸುವ ವಿಧಾನ) ಹಾಯಿಸಿ, ಪರದೆಯಲ್ಲಿ ಕನಿಷ್ಠ ಮೂರು ಉಸಿರು ಹಿಡಿಯುವಂತೆ ವೇಗ ಹೊಂದಿಸಿ. ವಪೆ ಸರಿಯಿದ್ದರೆ ಉಸಿರು ಎಳೆದಾಗ ಅದು ಪ್ರೋಬ್ ಕಡೆಗೆ ಬರುತ್ತದೆ, ಗೆರೆ ಮೇಲೇರುತ್ತದೆ. ತಳದಿಂದ ತುದಿಯವರೆಗಿನ ಎತ್ತರವೇ ಚಲನೆ. ಮೂರು ಉಸಿರುಗಳ ಸರಾಸರಿ ತೆಗೆಯಬೇಕು.

ಎಡಬದಿಯಲ್ಲೇ ಹೆಚ್ಚಿನವರು ಸೋಲುವುದು. ಗುಲ್ಮ (ಸ್ಪ್ಲೀನ್) ಚಿಕ್ಕದು, ಮುಂದೆ ಹೊಟ್ಟೆಯ ಗಾಳಿ ಅಡ್ಡ. ಮುಂಭಾಗದಲ್ಲಿ ಹುಡುಕುತ್ತಾ ಕೂರದೆ ಪ್ರೋಬನ್ನು ಕಂಕುಳಿನ ಹಿಂಗೆರೆಯವರೆಗೆ ಹಿಂದಕ್ಕೆ ಸರಿಸಿ, ಗುಲ್ಮವನ್ನೇ ಕಿಟಕಿ ಮಾಡಿಕೊಂಡು ನೋಡಬೇಕು. ಮುಖಕ್ಕೆ ಮಾಸ್ಕ್ ಹಿಡಿದು ಉಸಿರು ಕೊಟ್ಟ ಮಕ್ಕಳ ಜಠರದಲ್ಲಿ ಗಾಳಿ ತುಂಬಿರುತ್ತದೆ. ಅದು ಚಿತ್ರವನ್ನೂ ಕೆಡಿಸುತ್ತದೆ, ವಪೆಯನ್ನೂ ಮೇಲಕ್ಕೆ ತಳ್ಳುತ್ತದೆ. ಬಾಯಿಯಿಂದ ಟ್ಯೂಬ್ ಇಳಿಸಿ ಗಾಳಿ ತೆಗೆದು ಮತ್ತೊಮ್ಮೆ ನೋಡಿ. ಅನೇಕ ಸಲ ಉಸಿರಾಟವೇ ಹಗುರಾಗುತ್ತದೆ. ಎಡಬದಿ ಕಾಣಲಿಲ್ಲವೆಂದು ಬರೆದು ಮುಗಿಸುವುದು ಸರಿಯಲ್ಲ, ಏಕೆಂದರೆ ಈ ಪರೀಕ್ಷೆಯ ಜೀವವೇ ಎರಡು ಬದಿಗಳ ಹೋಲಿಕೆಯಲ್ಲಿದೆ. ಚಿಕ್ಕ ಕೂಸಿನಲ್ಲಿ ಎದೆಮೂಳೆಯ ಕೆಳತುದಿಯಲ್ಲಿ ಪ್ರೋಬನ್ನು ಅಡ್ಡ ಇಟ್ಟರೆ ಎರಡೂ ಬದಿ ಒಂದೇ ಚೌಕಟ್ಟಿನಲ್ಲಿ ಕಾಣುತ್ತವೆ. ಅಲ್ಲಿ ಡ್ರೆಸ್ಸಿಂಗ್ ಇಲ್ಲದಿದ್ದರೆ ನಾವು ಮೊದಲು ಆರಿಸುವ ನೋಟ ಇದೇ.

ಮಕ್ಕಳಲ್ಲಿ ಬಳಕೆಯಲ್ಲಿರುವ ಮಾನದಂಡ ಹೀಗಿದೆ: ಚಲನೆ 4 ಮಿ.ಮೀ.ಗಿಂತ ಹೆಚ್ಚಿದ್ದು, ಎರಡು ಬದಿಗಳ ವ್ಯತ್ಯಾಸ ಶೇ 50ಕ್ಕಿಂತ ಕಡಿಮೆ ಇದ್ದರೆ ಸರಿ. 4 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆ ಇದ್ದು, ವ್ಯತ್ಯಾಸ ಶೇ 50 ದಾಟಿದರೆ ದುರ್ಬಲ. ಗೆರೆ ಚಪ್ಪಟೆಯಾಗಿದ್ದರೆ ವಪೆ ನಿಂತಿದೆ. ಉಸಿರು ಎಳೆದಾಗ ಗೆರೆ ಕೆಳಗಿಳಿದರೆ, ಅಂದರೆ ವಪೆ ಎದೆಯೊಳಕ್ಕೆ ಸೆಳೆಯಲ್ಪಟ್ಟರೆ, ಅದು ತಿರುಗುಮುರುಗು ಚಲನೆ. ಇದೇ ಅತ್ಯಂತ ಕೆಟ್ಟದ್ದು. ಸರಿಯಿರುವ ಬದಿ ಎಳೆದ ಗಾಳಿಯ ಒಂದು ಪಾಲನ್ನು ಈ ಬದಿ ಕಸಿದುಕೊಳ್ಳುತ್ತದೆ.

ತಪ್ಪಾಗುವುದು ಮುಖ್ಯವಾಗಿ ಇಲ್ಲಿಯೇ. ನಿಮಿಷಕ್ಕೆ 50 ಸಲ ಉಸಿರಾಡುವ ಕೂಸಿನಲ್ಲಿ ಎಳೆದದ್ದು ಯಾವಾಗ, ಬಿಟ್ಟದ್ದು ಯಾವಾಗ ಎಂಬುದು ಪರದೆ ನೋಡಿದರೆ ತಿಳಿಯದು. ಗೆರೆ ಏರಿಳಿಯುತ್ತಿದೆ, ಸರಿಯಿದೆ ಎಂದು ಬರೆದುಬಿಡುತ್ತಾರೆ. ಅದು ತಿರುಗುಮುರುಗು ಚಲನೆಯೇ ಆಗಿರಬಹುದು. ಆದ್ದರಿಂದ ಇನ್ನೊಬ್ಬರು, ನರ್ಸ್ ಆದರೂ ಸರಿ, ಮಗುವಿನ ಎದೆ ನೋಡುತ್ತಾ ಪ್ರತಿ ಉಸಿರಿಗೂ ‘ಎಳೀತು’ ಎಂದು ಬಾಯಿಬಿಟ್ಟು ಹೇಳಬೇಕು. ವೆಂಟಿಲೇಟರ್ ಇದ್ದರೆ ಅದರ ಪರದೆಯ ಅಲೆಯನ್ನು ನೋಡಿ ಹೇಳಬಹುದು. ಇಷ್ಟು ಮಾಡಿದರೆ ಈ ತಪ್ಪು ಬಹುಪಾಲು ನಿಲ್ಲುತ್ತದೆ.

ವೆಂಟಿಲೇಟರ್ ಮಗುವಿನ ಪರವಾಗಿ ಪೂರ್ತಿ ಉಸಿರಾಡುತ್ತಿರುವಾಗ ಚಲನೆ ಅಳೆಯುವುದರಲ್ಲಿ ಅರ್ಥವಿಲ್ಲ. ಆಗ ಕಾಣುವುದು ಯಂತ್ರದ ಬಲ. ಮಗು ತಾನೇ ಉಸಿರೆಳೆಯುವಂತಿರಬೇಕು, ಯಂತ್ರದ ಬೆಂಬಲ ಕನಿಷ್ಠಕ್ಕೆ ಇಳಿದಿರಬೇಕು, ವೈದ್ಯರು ಪಕ್ಕದಲ್ಲೇ ಇರಬೇಕು. ಅಳುವಾಗ ಅಳೆಯಬಾರದು. ಜೆಲ್ ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡು ಹಚ್ಚಿ. ಜುಲೈ ತಿಂಗಳ ಮಡಿಕೇರಿಯ ಚಳಿಯಲ್ಲಿ ತಣ್ಣನೆ ಜೆಲ್ ಸೋಕಿದರೆ ಯಾವ ಕೂಸೂ ಸುಮ್ಮನಿರದು, ಮೈಬಿಸಿಯೂ ಇಳಿಯುತ್ತದೆ. ಪ್ರೋಬ್ ಒತ್ತಬಾರದು, ಕೂಸಿನ ಹೊಟ್ಟೆ ಒತ್ತಿದರೆ ಅಳೆಯಬೇಕಾದ ಚಲನೆಯನ್ನು ನಾವೇ ತಡೆದಂತೆ.

ಎರಡನೆಯದು ದಪ್ಪದ ಅಳತೆ. ಕಂಕುಳಿನ ನಡುಗೆರೆಯ ಆಸುಪಾಸಿನಲ್ಲಿ, 8ರಿಂದ 10ನೇ ಪಕ್ಕೆಲುಬುಗಳ ನಡುವೆ, ವಪೆ ಎದೆಗೋಡೆಗೆ ಒರಗಿಕೊಂಡಿರುತ್ತದೆ. 10 ಮೆಗಾಹರ್ಟ್ಸ್ ಅಥವಾ ಹೆಚ್ಚಿನ ನೇರ ಪ್ರೋಬ್ ಇಟ್ಟು, ಆಳವನ್ನು 2–3 ಸೆಂ.ಮೀ.ಗೆ ಇಳಿಸಿದರೆ ಎರಡು ಬಿಳಿ ಗೆರೆಗಳ ನಡುವೆ ಕಪ್ಪು ಪಟ್ಟಿ ಕಾಣುತ್ತದೆ. ಆ ಕಪ್ಪು ಪಟ್ಟಿಯೇ ಸ್ನಾಯು. ಉಸಿರು ಪೂರ್ತಿ ಬಿಟ್ಟಾಗ ಒಮ್ಮೆ, ಎಳೆದು ತುದಿಗೆ ಬಂದಾಗ ಒಮ್ಮೆ ದಪ್ಪ ಅಳೆದು, ಹೆಚ್ಚಾದದ್ದನ್ನು ಮೊದಲಿನ ದಪ್ಪದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಸ್ನಾಯು ಎಷ್ಟು ಬಿಗಿಯಾಯಿತು ಎಂಬ ಶೇಕಡಾವಾರು ಸಿಗುತ್ತದೆ. ಚಲನೆಗಿಂತ ಇದರ ಮೇಲುಗೈ ಏನೆಂದರೆ, ಯಂತ್ರ ತಳ್ಳಿದರೆ ವಪೆ ಚಲಿಸುತ್ತದೆ, ಆದರೆ ತಾನಾಗಿ ಕುಗ್ಗದ ಸ್ನಾಯು ಹೇಳಿಕೊಳ್ಳುವಂತೆ ದಪ್ಪವಾಗುವುದಿಲ್ಲ.

ಆದರೆ ಕೂಸಿನ ವಪೆ ಒಂದು ಮಿ.ಮೀ.ಗಿಂತ ಸ್ವಲ್ಪ ಹೆಚ್ಚು ದಪ್ಪ, ಅಷ್ಟೇ. 1.2 ಇದ್ದದ್ದು 1.6 ಆದರೆ ಶೇ 33. ಕ್ಯಾಲಿಪರ್ (ಪರದೆಯ ಮೇಲಿನ ಅಳತೆಯ ಗುರುತು) ಎರಡೂ ಕಡೆ ಒಂದು ಮಿ.ಮೀ.ಯ ಹತ್ತನೇ ಒಂದು ಭಾಗ ತಪ್ಪಿ 1.3 ಮತ್ತು 1.5 ಎಂದು ಓದಿದರೆ ಶೇ 15. ಅದೇ ತಪ್ಪು ಆಚೆ ಬದಿಗೆ ಆಗಿ 1.1 ಮತ್ತು 1.7 ಎಂದು ಓದಿದರೆ ಶೇ 55. ಒಂದೇ ಮಗು, ಒಂದೇ ಉಸಿರು. ವರದಿ ಮಾತ್ರ ನಿಂತ ವಪೆಯಿಂದ ಗಟ್ಟಿ ವಪೆಯವರೆಗೆ. ದೊಡ್ಡವರಲ್ಲಿ ಶೇ 20ಕ್ಕಿಂತ ಕಡಿಮೆಯಾದರೆ ಸಂಶಯ ಪಡುವುದು ರೂಢಿ. ಆ ಗೆರೆಯನ್ನು ಮಕ್ಕಳ ಮೇಲೆ ಹಾಗೇ ಎಳೆಯುವುದು ಸರಿಯಲ್ಲ. ಚಿತ್ರವನ್ನು ಆದಷ್ಟು ದೊಡ್ಡದು ಮಾಡಿ, ಕ್ಯಾಲಿಪರನ್ನು ಬಿಳಿ ಗೆರೆಗಳ ಒಳ ಅಂಚಿಗೆ ಇಟ್ಟು, ಪ್ರೋಬ್ ಇಟ್ಟ ಜಾಗಕ್ಕೆ ಚರ್ಮದ ಮೇಲೆ ಪೆನ್ನಿನ ಗುರುತು ಹಾಕಿ, ಅದೇ ಜಾಗದಲ್ಲಿ ಅದೇ ವೈದ್ಯರು ಮರುದಿನವೂ ಅಳೆಯಬೇಕು. ನಮ್ಮ ಅಭಿಪ್ರಾಯದಲ್ಲಿ ಜಿಲ್ಲಾಮಟ್ಟದಲ್ಲಿ ಮೊದಲು ಚಲನೆಯ ನೋಟವನ್ನು ಚೆನ್ನಾಗಿ ಕಲಿಯಬೇಕು. ದಪ್ಪದ ಅಳತೆ ಕೈ ಪಳಗಿದ ಮೇಲೆ ಬರಲಿ.

ವಪೆ ಸೋತಾಗ ಪಕ್ಕೆಲುಬುಗಳ ನಡುವಿನ ಸ್ನಾಯು ಕೆಲಸಕ್ಕೆ ಇಳಿಯುತ್ತದೆ. ನೇರ ಪ್ರೋಬನ್ನು ಎದೆಮೂಳೆಯ ಪಕ್ಕದಲ್ಲಿ, ಎರಡನೇ–ಮೂರನೇ ಪಕ್ಕೆಲುಬಿನ ನಡುವೆ ಇಟ್ಟು ನೋಡಿದಾಗ, ಶಾಂತ ಉಸಿರಾಟದಲ್ಲೂ ಅದು ಎದ್ದು ಕಾಣುವಂತೆ ದಪ್ಪವಾಗುತ್ತಿದ್ದರೆ ಮಗು ಸಾಲ ಮಾಡಿ ಉಸಿರಾಡುತ್ತಿದೆ ಎಂದೇ ತಿಳಿಯಬೇಕು. ಅದೇ ಹೊತ್ತಿನಲ್ಲಿ ಎದೆಯ ಕೆಳಭಾಗದಲ್ಲಿ ನೀರು ನಿಂತಿದೆಯೇ, ಶ್ವಾಸಕೋಶದ ತಳ ಕುಸಿದಿದೆಯೇ ಎಂಬುದೂ ಕಾಣುತ್ತದೆ. ಇವೆರಡೂ ವಪೆಯ ಚಲನೆಯನ್ನು ತಗ್ಗಿಸುತ್ತವೆ, ನರದ ಪೆಟ್ಟೆಂದು ದಾರಿ ತಪ್ಪಿಸುತ್ತವೆ.

ಹೊಟ್ಟೆಯ ಆಪರೇಷನ್‌ಗಳನ್ನೂ ಇಲ್ಲಿ ಮರೆಯಬಾರದು. ಹೊಕ್ಕುಳಿನ ಮೇಲ್ಭಾಗದಲ್ಲಿ ಕತ್ತರಿಸಿ ಮಾಡುವ ಶಸ್ತ್ರಚಿಕಿತ್ಸೆಯ ನಂತರ ನರಕ್ಕೆ ಏನೂ ಆಗದಿದ್ದರೂ ವಪೆ ಕೆಲವು ದಿನ ಮಂಕಾಗುತ್ತದೆ. ನೋವಿದ್ದರೆ ಮಗು ಆಳವಾಗಿ ಉಸಿರೆಳೆಯದು, ಕೆಮ್ಮದು, ಕಫ ನಿಲ್ಲುತ್ತದೆ. ಇಂಥ ಮಗುವಿನಲ್ಲಿ ಆಪರೇಷನ್‌ಗೆ ಮುಂಚೆ ಒಮ್ಮೆ, ಎಚ್ಚರವಾದ ಮೇಲೆ ಒಮ್ಮೆ, ಮರುದಿನ ಬೆಳಗ್ಗೆ ಒಮ್ಮೆ ನೋಡಿದರೆ ನೋವಿನ ಮದ್ದು ಸಾಲುತ್ತಿದೆಯೇ ಎಂಬುದೂ ತಿಳಿಯುತ್ತದೆ. ಎರಡೂ ಬದಿ ಸಮನಾಗಿ ತಗ್ಗಿದ್ದರೆ ನೋವು, ಹೊಟ್ಟೆಯುಬ್ಬರ. ಒಂದೇ ಬದಿ ತಗ್ಗಿದ್ದರೆ ನರ, ನೀರು ಅಥವಾ ಕುಸಿದ ಶ್ವಾಸಕೋಶ. ಇದು ಒರಟು ಸೂತ್ರ, ಆದರೂ ಮೊದಲ ಹೆಜ್ಜೆಗೆ ಆಗುತ್ತದೆ.

ಈ ಪರೀಕ್ಷೆ ಹೇಳಲಾರದ ಸಂಗತಿಯೂ ಒಂದಿದೆ, ಅದನ್ನು ಒತ್ತಿ ಹೇಳಬೇಕು. ಅರಿವಳಿಕೆಯಲ್ಲಿ ಸ್ನಾಯು ಸಡಿಲಿಸಲು ಕೊಡುವ ಮದ್ದಿನ ಪ್ರಭಾವದಿಂದ ವಪೆ ಬೇಗ ಚೇತರಿಸಿಕೊಳ್ಳುತ್ತದೆ, ಗಂಟಲಿನ ಸ್ನಾಯುಗಳು ತಡವಾಗಿ. ವಪೆ ಚೆನ್ನಾಗಿ ಆಡುತ್ತಿದೆ ಎಂದು ಟ್ಯೂಬ್ ತೆಗೆದರೆ ಗಂಟಲು ಮುಚ್ಚಿಕೊಂಡು ಮಗು ಉಸಿರಿಗೆ ಒದ್ದಾಡಬಹುದು. ಮೈ ತಣ್ಣಗಾದ ಮಗುವಿನಲ್ಲಿ ಮದ್ದಿನ ಪ್ರಭಾವ ಇನ್ನೂ ಹೊತ್ತು ಉಳಿಯುತ್ತದೆ. ಹಾಗಾಗಿ ಕೈಯ ನರವನ್ನು ಪ್ರಚೋದಿಸಿ ನೋಡುವ ಟ್ರೇನ್-ಆಫ್-ಫೋರ್ ಅನುಪಾತ 0.9 ದಾಟಿದೆಯೇ ಎಂಬ ಪರೀಕ್ಷೆಗೆ ಅಲ್ಟ್ರಾಸೌಂಡ್ ಬದಲಿಯಲ್ಲ. ಆಮ್ಲಜನಕ ಕೊಡುತ್ತಿರುವಾಗ ಬೆರಳಿನ ಆಕ್ಸಿಮೀಟರ್ ಶೇ 98 ತೋರಿಸಿದರೂ ಸಮಾಧಾನ ಬೇಡ. ಉಸಿರು ಸಾಲದೆ ಇಂಗಾಲದ ಡೈಆಕ್ಸೈಡ್ ಏರುತ್ತಿರುವುದು ಅದರಲ್ಲಿ ಕಾಣುವುದಿಲ್ಲ.

ಯಂತ್ರವಿದ್ದೂ ಹಾಸಿಗೆಯ ಬಳಿಗೆ ಬಾರದಿರಲು ಕಾರಣ ಹಲವು ಕಡೆ ಕಾನೂನಿನ ಭಯ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆ ಕಟ್ಟುನಿಟ್ಟಾಗಿರಲೇಬೇಕು, ಅದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಆ ನಿಯಮಗಳೇ ನೋಂದಣಿಯಾದ ಆವರಣದೊಳಗೆ ಒಳರೋಗಿಗಳಿಗಾಗಿ ಪೋರ್ಟಬಲ್ ಯಂತ್ರ ಬಳಸಲು ಅವಕಾಶ ಕೊಡುತ್ತವೆ. ಯಂತ್ರ, ಜಾಗ, ನಡೆಸುವ ವೈದ್ಯರ ಹೆಸರು ನೋಂದಣಿಯಲ್ಲಿರಬೇಕು. ಬದಲಾವಣೆ ಇದ್ದರೆ 30 ದಿನ ಮುಂಚೆ ತಿಳಿಸಬೇಕು. ಆಸ್ಪತ್ರೆಯ ಆಡಳಿತ ಜಿಲ್ಲಾ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕಿ, ಶಸ್ತ್ರಚಿಕಿತ್ಸೆಯ ನಂತರದ ವಾರ್ಡ್ ಹಾಗೂ ಮಕ್ಕಳ ವಾರ್ಡನ್ನು ಬಳಕೆಯ ಜಾಗವಾಗಿ ಸ್ಪಷ್ಟವಾಗಿ ಕಾಣಿಸಿದರೆ ಈ ಭಯ ತೀರುತ್ತದೆ. ಬೀಗ ಹಾಕಿದ ಕೋಣೆಯಲ್ಲಿ ಯಂತ್ರ, ಮೂರು ವಾರ್ಡ್ ಆಚೆ ಏದುಸಿರು ಬಿಡುವ ಕೂಸು, ಈ ಸ್ಥಿತಿ ಯಾವ ಕಾನೂನಿನ ಉದ್ದೇಶವೂ ಅಲ್ಲ.

ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ. ಪೊನ್ನಂಪೇಟೆಯ ಒಳಹಳ್ಳಿಗಳಿಂದ ಹೊರಡುವವರಿಗೆ ಮುಖ್ಯರಸ್ತೆ ಸೇರುವುದೇ ಒಂದು ಪ್ರಯಾಣ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಂಗಳೂರಿನ ರಸ್ತೆ ಕಡಿದುಹೋದದ್ದು ಇಲ್ಲಿ ಯಾರಿಗೂ ಮರೆತಿಲ್ಲ. ಮಗುವನ್ನು ಕಳಿಸಬೇಕೇ, ಇಲ್ಲೇ ನೋಡಿಕೊಳ್ಳಬಹುದೇ ಎಂಬ ತೀರ್ಮಾನಕ್ಕೆ ಆಧಾರ ಇಲ್ಲಿಯೇ ಸಿಗಬೇಕು. ಎರಡೂ ಬದಿಯ ಹತ್ತು ಸೆಕೆಂಡಿನ ವಿಡಿಯೊ, ಎಂ-ಮೋಡ್ ಚಿತ್ರ, ಮಗುವಿನ ಭಂಗಿ, ಉಸಿರಿನ ವೇಗ, ಕೊಡುತ್ತಿರುವ ಆಮ್ಲಜನಕದ ಪ್ರಮಾಣ, ಇಷ್ಟನ್ನು ಹೆಸರು ಅಳಿಸಿ ಆಪರೇಷನ್ ಮಾಡಿದ ತಂಡಕ್ಕೆ ಕಳಿಸಿದರೆ ಅವರೂ ಖಚಿತವಾಗಿ ಸಲಹೆ ಕೊಡಬಲ್ಲರು. ಉಸಿರಾಟ ತಡೆದುಕೊಳ್ಳುವ ಮಗುವಿಗೆ ನರ ಚೇತರಿಸುವವರೆಗೆ ಕಾಯಬಹುದು, ಆಗಾಗ ಸ್ಕ್ಯಾನ್ ಮಾಡುತ್ತಾ ಇರಬಹುದು. ವೆಂಟಿಲೇಟರ್ ಬಿಡಲಾಗದ, ಅಥವಾ ತೂಕ ಕಳೆದುಕೊಳ್ಳುತ್ತಿರುವ ಕೂಸಿಗೆ ಸಡಿಲ ವಪೆಯನ್ನು ಮಡಿಸಿ ಹೊಲಿದು ಬಿಗಿಮಾಡುವ ಪ್ಲಿಕೇಶನ್ ಎಂಬ ಶಸ್ತ್ರಚಿಕಿತ್ಸೆ ಇದೆ. ಅದರಿಂದ ವಪೆ ಮತ್ತೆ ಕೆಲಸ ಮಾಡುವುದಿಲ್ಲ, ಆದರೆ ಮೇಲಕ್ಕೆ ಸೆಳೆಯಲ್ಪಡುವುದು ನಿಂತು ಇನ್ನೊಂದು ಬದಿಯ ಶ್ರಮ ಸಾರ್ಥಕವಾಗುತ್ತದೆ.

ತಾಯ್ತಂದೆಯರಿಗೂ ಆಶಾ ಕಾರ್ಯಕರ್ತೆಯರಿಗೂ ಯಂತ್ರ ಬೇಕಿಲ್ಲ. ಮಗು ಮಲಗಿದ್ದಾಗ ಒಂದು ನಿಮಿಷ ಪೂರ್ತಿ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40, ಅಷ್ಟು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ವೇಗದ ಉಸಿರು. ಉಸಿರೆಳೆದಾಗ ಹೊಟ್ಟೆ ಉಬ್ಬುವ ಬದಲು ಒಳಕ್ಕೆ ಹೋಗುತ್ತಿದ್ದರೆ, ತುಟಿ ನೀಲಿಯಾದರೆ, ಮೊಲೆ ಹಿಡಿದು ಅರ್ಧದಲ್ಲೇ ಬಿಡುತ್ತಿದ್ದರೆ ಆ ದಿನವೇ ಆಸ್ಪತ್ರೆಗೆ ಬನ್ನಿ. ಆಪರೇಷನ್ ಆದ ಆಸ್ಪತ್ರೆ ಕೊಟ್ಟ ಡಿಸ್ಚಾರ್ಜ್ ಕಾಗದ ತರುವುದನ್ನು ಮರೆಯಬೇಡಿ.

ಹೃದಯ ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಗಳಿಗೆ ನಮ್ಮ ವಿನಂತಿ: ಆ ಕಾಗದದಲ್ಲಿ ಎರಡು ಸಾಲು ಸೇರಿಸಿ. ಬಲ ವಪೆಯ ಚಲನೆ ಎಷ್ಟು ಮಿ.ಮೀ., ಎಡದ್ದು ಎಷ್ಟು, ಮಗು ತಾನೇ ಉಸಿರಾಡುತ್ತಿದ್ದಾಗ ಅಳೆದದ್ದೇ, ಯಾವ ತಾರೀಕು. ಕೊಡಗಿನ ಆರೋಗ್ಯ ಇಲಾಖೆಗೆ: ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಮೂರೂ ಕಡೆ ಕನಿಷ್ಠ ಒಬ್ಬ ವೈದ್ಯರಿಗಾದರೂ ಈ ತರಬೇತಿ ಕೊಡಿಸಿ, ಮಳೆಗಾಲದ ವಿದ್ಯುತ್ ಕಡಿತಕ್ಕೆ ಯಂತ್ರದ ಬ್ಯಾಟರಿ ಸರಿಯಿದೆಯೇ ಎಂದು ಮೇ ತಿಂಗಳಲ್ಲೇ ಪರೀಕ್ಷಿಸಿ, ನೇರ ಪ್ರೋಬ್ ಇಲ್ಲದ ಕಡೆ ಅದೊಂದನ್ನು ತರಿಸಿಕೊಡಿ.

ಇತಿ,
ಅರಿವಳಿಕೆ ಮತ್ತು ಮಕ್ಕಳ ಚಿಕಿತ್ಸೆಯಲ್ಲಿ ತೊಡಗಿರುವ ವೈದ್ಯರು,
ಮಡಿಕೇರಿ